ಎರಡು ಫೈಲುಗಳನ್ನು ಒಂದು ಮಾಡಿದ್ದು

ನನ್ನ ಹೆಸರಿನಲ್ಲಿ ಎರಡು ಫೈಲುಗಳಿದ್ದವು. ಒಂದು ಎಚ್‌ಐವಿ ಚಿಕಿತ್ಸಾ ಕೇಂದ್ರದಲ್ಲಿ, ಇನ್ನೊಂದು ಅದೇ ಆವರಣದ ಆ ತುದಿಯಲ್ಲಿದ್ದ ಟಿಬಿ ವಿಭಾಗದಲ್ಲಿ. ನಡುವೆ ಹೆಚ್ಚೆಂದರೆ ನೂರೈವತ್ತು ಹೆಜ್ಜೆ. 2009ರಲ್ಲಿ ನನ್ನ ತೂಕ 36 ಕಿಲೋಗೆ ಇಳಿದಿತ್ತು. ಆಗ ಆ ನೂರೈವತ್ತು ಹೆಜ್ಜೆ ದಾಟುವಷ್ಟರಲ್ಲಿ ಎರಡು ಕಡೆ ಕೂತು ಸುಧಾರಿಸಿಕೊಳ್ಳಬೇಕಾಗುತ್ತಿತ್ತು. ಇಲ್ಲಿ ಜ್ವರದ ಮಾತೆತ್ತಿದರೆ ‘ಅದನ್ನು ಅಲ್ಲಿ ತೋರಿಸಿ’ ಎನ್ನುತ್ತಿದ್ದರು. ಅಲ್ಲಿಗೆ ಹೋದರೆ ‘ನಿಮ್ಮ ಇನ್ನೊಂದು ಮಾತ್ರೆಯ ವಿಚಾರ ನಮಗೆ ಗೊತ್ತಾಗಲ್ಲ, ಅವರನ್ನೇ ಕೇಳಿ’ ಎನ್ನುತ್ತಿದ್ದರು. ಯಾರೂ ಕೆಟ್ಟವರಲ್ಲ. ಎರಡೂ ಕಡೆ ನನ್ನ ಬಗ್ಗೆ ಕಾಳಜಿ ಇತ್ತು. ಆದರೆ ಕಾಯಿಲೆ ಬಿದ್ದಿದ್ದ ಮೈ ಒಂದೇ, ನೋಡುವವರು ಅದನ್ನು ಎರಡು ಪಾಲು ಮಾಡಿಕೊಂಡಿದ್ದರು.

ವಾಸಿಯಾದ ಮೇಲೆ ನಾನು ಅದೇ ಕೆಲಸಕ್ಕೆ ಸೇರಿಕೊಂಡೆ. ಎಚ್‌ಐವಿ ಇರುವವರ ಮನೆಗಳಿಗೆ, ಅವರು ದುಡಿಯುವ ಜಾಗಗಳಿಗೆ ಹೋಗುವ ಕೆಲಸ. ನಮ್ಮನ್ನು ‘ಜೊತೆಗಾರರು’ ಎಂದು ಕರೆಯುತ್ತಾರೆ. 2019ರಲ್ಲಿ ನಾವು ಐದು ಮಂದಿ ಜೊತೆಗಾರರು, ಇಬ್ಬರು ಸಿಸ್ಟರ್‌ಗಳು, ಒಬ್ಬ ಡಾಕ್ಟರ್ ಮತ್ತು ಒಬ್ಬ ಲ್ಯಾಬ್ ಟೆಕ್ನಿಷಿಯನ್ ಸೇರಿ ಆ ಎರಡು ಫೈಲುಗಳನ್ನು ಒಂದು ಮಾಡುವುದಕ್ಕೆ ಕೈಹಾಕಿದೆವು. ಇನ್ನೆಲ್ಲೋ ಇದೇ ಕೆಲಸಕ್ಕೆ ಇಳಿಯುವವರಿಗೆ ಗೊತ್ತಿರಲಿ ಎಂದು, ಅದು ಹೇಗೆ ನಡೆಯಿತು, ಎಲ್ಲೆಲ್ಲಿ ಎಡವಿದೆವು ಎಂಬುದನ್ನು ಬರೆಯುತ್ತಿದ್ದೇನೆ.

ಮೊದಲು ನನ್ನದೇ ಕಾಯಿಲೆಯ ಕತೆ ಸ್ವಲ್ಪ ಹೇಳಬೇಕು. ಕೆಮ್ಮು ಶುರುವಾಗಿ ಎರಡು ಸಲ ಕಫ ಕೊಟ್ಟಿದ್ದೆ. ಎರಡು ಸಲವೂ ‘ನೆಗೆಟಿವ್’ ಎಂದು ಬಂತು. ಟಿಬಿ ಇಲ್ಲವಲ್ಲ ಎಂದು ಎಲ್ಲರೂ ಉಸಿರು ಬಿಟ್ಟರು. ನಾನೂ ಬಿಟ್ಟೆ. ಎಚ್‌ಐವಿಯಿಂದ ರೋಗನಿರೋಧಕ ಶಕ್ತಿ ಕುಸಿದವರ ಶ್ವಾಸಕೋಶದಲ್ಲಿ ಟಿಬಿ ಮಾಮೂಲಿಯಂತೆ ಗುಳಿ ಕೊರೆಯುವುದು ಕಡಿಮೆ. ಹಾಗಾಗಿ ಕಫದಲ್ಲಿ ಬರುವ ರೋಗಾಣುಗಳೂ ಕಡಿಮೆ, ಸೂಕ್ಷ್ಮದರ್ಶಕಕ್ಕೆ ಅವು ತಪ್ಪಿಸಿಕೊಳ್ಳುತ್ತವೆ. ಇದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಕತ್ತಿನ ಗಂಟು ಊದಿ, ಅದಕ್ಕೆ ಸೂಜಿ ಹಾಕಿ ನೋಡಿದಾಗಲೇ ಟಿಬಿ ಎಂದು ಖಚಿತವಾದದ್ದು. ಆಮೇಲೆ ಇನ್ನೊಂದು ಮಾತು ಬಂತು: ‘ಮೊದಲು ಟಿಬಿ ಮಾತ್ರೆ ಮುಗಿಯಲಿ, ಎಚ್‌ಐವಿ ಮಾತ್ರೆ ಆಮೇಲೆ ನೋಡೋಣ.’ ನಾನು ಕಾಯ್ದೆ. ನನ್ನ ಜೊತೆ ಅದೇ ಬೆಂಚಿನ ಮೇಲೆ ಕೂತು ಕಾಯುತ್ತಿದ್ದವರಲ್ಲಿ ಇಬ್ಬರು ಆ ಕಾಯುವಿಕೆಯಲ್ಲೇ ತೀರಿಕೊಂಡರು.

2011ರಲ್ಲಿ ಕಾಂಬೋಡಿಯಾದ ಒಂದು ಅಧ್ಯಯನದ ಫಲಿತಾಂಶ ಪ್ರಕಟವಾಯಿತು. ಎರಡೂ ಕಾಯಿಲೆ ಇದ್ದು ತೀರಾ ಬಳಲಿದ್ದ 661 ಮಂದಿಯನ್ನು ಎರಡು ಗುಂಪು ಮಾಡಿದ್ದರು. ಟಿಬಿ ಚಿಕಿತ್ಸೆ ಶುರುವಾಗಿ ಎರಡು ವಾರಕ್ಕೆ ಒಂದು ಗುಂಪಿಗೆ ಎಚ್‌ಐವಿ ಔಷಧ ಕೊಟ್ಟರು, ಇನ್ನೊಂದು ಗುಂಪಿಗೆ ಎಂಟು ವಾರಕ್ಕೆ. ಎಂಟು ವಾರ ಕಾಯ್ದವರಲ್ಲಿ ಶೇ 27ರಷ್ಟು ಮಂದಿ ತೀರಿಕೊಂಡರು. ಬೇಗ ಶುರು ಮಾಡಿದವರಲ್ಲಿ ಶೇ 18. ಡಾಕ್ಟರ್ ಒಂದು ದಿನ ಬಿಡುವಿನಲ್ಲಿ ಇದನ್ನು ವಿವರಿಸಿದಾಗ ನಾನು ಎದ್ದು ಹೊರಗೆ ಹೋಗಿ ಅತ್ತೆ. ಆ ಬೆಂಚಿನ ಇಬ್ಬರ ಮುಖ ಕಣ್ಣಮುಂದೆ ಬಂದಿತ್ತು. ಈಗ ಮಿದುಳಿನ ಟಿಬಿಯಂಥ ಸಂದರ್ಭ ಬಿಟ್ಟರೆ ಎರಡು ವಾರದೊಳಗೆ ಎಚ್‌ಐವಿ ಔಷಧ ಶುರು ಮಾಡಬೇಕು ಎನ್ನುವುದೇ ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆ. ಆದರೆ ಟಿಬಿ ಎಂದು ಗೊತ್ತಾದ ಸುದ್ದಿ ನೂರೈವತ್ತು ಹೆಜ್ಜೆ ದಾಟಿ ಇನ್ನೊಂದು ಕೋಣೆಗೆ ತಲುಪುವುದಕ್ಕೇ ಮೂರು ವಾರ ಹಿಡಿದರೆ ಆ ಎರಡು ವಾರ ಎಲ್ಲಿ ಉಳಿಯಿತು?

ಕೆಲಸ ಶುರುವಾದದ್ದು ರಿಜಿಸ್ಟರ್‌ಗಳಿಂದ. ಎರಡೂ ಕಡೆಯ ದಪ್ಪ ಪುಸ್ತಕಗಳನ್ನು ಒಂದೇ ಮೇಜಿನ ಮೇಲೆ ತೆರೆದಿಟ್ಟು, ಸ್ಕೇಲು ಅಡ್ಡ ಹಿಡಿದು, ಒಂದೊಂದೇ ಸಾಲು ತಾಳೆ ನೋಡುತ್ತಾ ಹೋದೆವು. ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತದೆ ಅಂದುಕೊಂಡಿದ್ದ ಕೆಲಸಕ್ಕೆ ಮೂರು ದಿನ ಬೇಕಾಯಿತು. ಯಾಕೆಂದರೆ ಹೆಸರುಗಳು ಹೊಂದುತ್ತಲೇ ಇರಲಿಲ್ಲ. ಲೈಂಗಿಕ ವೃತ್ತಿಯಲ್ಲಿರುವ ಹೆಂಗಸರು ಒಂದೊಂದು ಕಡೆ ಒಂದೊಂದು ಹೆಸರು ಕೊಟ್ಟಿರುತ್ತಾರೆ. ಅದು ಸುಳ್ಳಲ್ಲ, ಅವರು ಬದುಕಿ ಉಳಿಯುವ ದಾರಿ. ಲಿಂಗ ಬದಲಿಸಿಕೊಂಡವರಿಗೆ ಹುಟ್ಟಿನ ಹೆಸರು ಒಂದು ಕಡೆ, ಅವರದೇ ಹೆಸರು ಇನ್ನೊಂದು ಕಡೆ. ವಲಸೆ ಬಂದ ಕೂಲಿಗಳ ಹೆಸರನ್ನು ಕೇಳಿಸಿಕೊಂಡವರು ಕೇಳಿಸಿದ ಹಾಗೆ ಬರೆದಿದ್ದರು. ಪುಸ್ತಕದಲ್ಲಿ ಹೊಂದದ ಹೆಸರುಗಳನ್ನು ಹೊಂದಿಸಿದವರು ನಾವು ಜೊತೆಗಾರರೇ. ‘ಸಿಸ್ಟರ್, ಈ ಸಾಲಿನವರೂ ಆ ಸಾಲಿನವರೂ ಒಬ್ಬರೇ, ನನಗೆ ಗೊತ್ತು’ ಎಂದು ಬೆರಳಿಟ್ಟು ತೋರಿಸಿದೆವು. ಟಿಬಿ ಪುಸ್ತಕದಲ್ಲಿದ್ದು ಎಚ್‌ಐವಿ ಪರೀಕ್ಷೆಯ ಕಾಲಂ ಖಾಲಿ ಇದ್ದವರು ಸಿಕ್ಕರು. ಎಚ್‌ಐವಿ ಪುಸ್ತಕದಲ್ಲಿ ‘ಟಿಬಿಗೆ ಕಳಿಸಲಾಗಿದೆ’ ಎಂದು ಬರೆಸಿಕೊಂಡು ಟಿಬಿ ಪುಸ್ತಕ ಸೇರದೇ ಹೋದವರು ಏಳು ಜನ. ಆ ಏಳು ಹೆಸರುಗಳನ್ನು ಬೇರೆ ಹಾಳೆಯಲ್ಲಿ ಬರೆದುಕೊಂಡು ಹುಡುಕಿಕೊಂಡು ಹೊರಟೆವು.

ಅದರಲ್ಲಿ ಒಬ್ಬರು ಜೈಲಿನಿಂದ ಬಿಡುಗಡೆಯಾಗಿ ಬಂದವರು. ಒಳಗಿದ್ದಾಗ ಎಚ್‌ಐವಿ ಔಷಧ ಸಿಗುತ್ತಿತ್ತು, ಕೆಮ್ಮು ಶುರುವಾದದ್ದೂ ಅಲ್ಲೇ. ಬಿಡುಗಡೆಯ ದಿನ ಕೈಗೆ ಒಂದು ರೆಫರಲ್ ಚೀಟಿ ಕೊಟ್ಟು ಕಳಿಸಿದ್ದರು. ನಾವು ವಿಳಾಸ ಹುಡುಕಿಕೊಂಡು ಹೋಗುವಷ್ಟರಲ್ಲಿ ಅವರು ತೀರಿಕೊಂಡು ಹನ್ನೊಂದು ದಿನವಾಗಿತ್ತು. ಅವರ ತಂಗಿ ಅಣ್ಣನ ಅಂಗಿಯನ್ನು ಒಗೆಯದೆ ಹಾಗೇ ಮಡಿಸಿಟ್ಟಿದ್ದಳು. ಜೇಬಿನಿಂದ ಆ ಚೀಟಿ ತೆಗೆದು ಕೊಟ್ಟಳು. ನಾಲ್ಕು ಮಡಿಕೆ, ಮಡಿಕೆಯ ಜಾಗದಲ್ಲಿ ಬೆವರಿಗೆ ಶಾಯಿ ಹರಡಿತ್ತು. ‘ಇದನ್ನು ಯಾರಿಗೆ ತೋರಿಸಬೇಕು ಅಂತ ಗೊತ್ತಾಗಲಿಲ್ಲ ಅಕ್ಕಾ’ ಅಂದಳು. ಅವತ್ತಿನಿಂದ ನಮ್ಮಲ್ಲಿ ಬರೀ ಚೀಟಿ ಕೊಟ್ಟು ಕಳಿಸುವುದು ನಿಂತಿತು. ಒಬ್ಬರನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಕಳಿಸುವುದಾದರೆ ಯಾರಾದರೂ ಜೊತೆಗೆ ಹೋಗಲೇಬೇಕು. ಹೈಟಿಯ ಹಳ್ಳಿಗಳಲ್ಲಿ ಅಮೆರಿಕದ ಡಾಕ್ಟರ್ ಪಾಲ್ ಫಾರ್ಮರ್ ಮತ್ತು ಅವರ ಸಂಗಡಿಗರು ಟಿಬಿಗೂ ಆಮೇಲೆ ಎಚ್‌ಐವಿಗೂ ಊರಿನವರನ್ನೇ ಹೀಗೆ ಜೊತೆಗಾರರನ್ನಾಗಿ ನೇಮಿಸಿ, ದಿನವೂ ಮನೆಬಾಗಿಲಲ್ಲಿ ಔಷಧ ತಲುಪಿಸಿ, ಬಡವರಲ್ಲೂ ಈ ಚಿಕಿತ್ಸೆ ಗೆಲ್ಲುತ್ತದೆ ಎಂದು ತೋರಿಸಿದ್ದರು. ನಾವೇನೂ ಹೊಸದು ಮಾಡಲಿಲ್ಲ.

ಎರಡೂ ವಿಭಾಗಗಳನ್ನು ಒಂದೇ ಸೂರಿನಡಿ ತಂದರೆ ಅರ್ಧ ಕೆಲಸ ಮುಗಿಯಿತು ಅಂದುಕೊಂಡಿದ್ದೆ. ಒಂದೇ ಕಾಯುವ ಕೋಣೆ, ಒಂದೇ ಸಾಲು. ಹಿರಿಯ ಸಿಸ್ಟರ್ ತಡೆದರು. ‘ಕೆಮ್ಮುವವರನ್ನೂ, ಟಿಬಿ ತಡೆದುಕೊಳ್ಳುವ ಶಕ್ತಿಯೇ ಇಲ್ಲದವರನ್ನೂ ಒಂದೇ ಬೆಂಚಿನಲ್ಲಿ ಕೂರಿಸುತ್ತೀಯಾ?’ ಎಂದು ಕೇಳಿದರು. ಆಮೇಲೆ ಟುಗೆಲಾ ಫೆರಿಯ ವಿಚಾರ ಹೇಳಿದರು. ದಕ್ಷಿಣ ಆಫ್ರಿಕಾದ ಆ ಊರಿನ ಆಸ್ಪತ್ರೆಯಲ್ಲಿ 2005-06ರಲ್ಲಿ ಹೆಚ್ಚುಕಡಿಮೆ ಯಾವ ಔಷಧಕ್ಕೂ ಬಗ್ಗದ ಟಿಬಿ 53 ಮಂದಿಯಲ್ಲಿ ಪತ್ತೆಯಾಯಿತು. ಅವರಲ್ಲಿ 52 ಮಂದಿ ತೀರಿಕೊಂಡರು. ಎಚ್‌ಐವಿ ಪರೀಕ್ಷೆ ಮಾಡಿಸಿದ್ದವರೆಲ್ಲರಿಗೂ ಎಚ್‌ಐವಿ ಇತ್ತು. ಎಷ್ಟೋ ಮಂದಿಗೆ ಅದು ಆಸ್ಪತ್ರೆಯಲ್ಲೇ ಹರಡಿರಬೇಕು ಎಂಬ ತೀರ್ಮಾನಕ್ಕೆ ಬಂದಿದ್ದರು. ಚಿಕಿತ್ಸೆಗೆಂದು ಬಂದ ಜಾಗದಲ್ಲಿ ಕಾಯಿಲೆ ಅಂಟಿಸಿಕೊಂಡು ಹೋಗುವುದು ಎಂಥ ಅನ್ಯಾಯ.

ನಮ್ಮಲ್ಲಿ ಕೋಣೆಯ ಗಾಳಿ ಬದಲಿಸುವ ಯಂತ್ರ ತರುವಷ್ಟು ಹಣ ಇರಲಿಲ್ಲ. ಆದರೆ ಕಿಟಕಿಗಳಿದ್ದವು. ಪೆರುವಿನ ಲಿಮಾ ನಗರದ ಆಸ್ಪತ್ರೆಗಳಲ್ಲಿ ಅಳೆದು ನೋಡಿದ್ದಾರೆ: ಬಾಗಿಲು ಕಿಟಕಿ ಪೂರ್ತಿ ತೆರೆದಿಟ್ಟಾಗ ಕೋಣೆಯ ಗಾಳಿ ಗಂಟೆಗೆ ಸುಮಾರು 28 ಸಲ ಬದಲಾಗುತ್ತಿತ್ತು. ಇದಕ್ಕೆಂದೇ ಯಂತ್ರ ಕೂರಿಸಿದ ಕೋಣೆಗಳಿಗೆ ಹಾಕಿಕೊಂಡ ಗುರಿ 12 ಸಲ. ಇದನ್ನು 2007ರಲ್ಲೇ ಪ್ರಕಟಿಸಿದ್ದರು. ನಾವು ಬಣ್ಣ ಹಚ್ಚಿ ಅಂಟಿಹೋಗಿದ್ದ ಕಿಟಕಿಗಳನ್ನು ಉಳಿ ತೆಗೆದುಕೊಂಡು ಬಿಡಿಸಿದೆವು. ಕಡತಗಳ ಕಪಾಟು ಒಂದು ಕಿಟಕಿಗೆ ಪೂರ್ತಿ ಅಡ್ಡ ನಿಂತಿತ್ತು, ಅದನ್ನು ಎಳೆದು ಒಳಗೋಡೆಗೆ ಹಾಕಿದೆವು. ಕಾಯುವ ಬೆಂಚುಗಳನ್ನು ಹೊರಗೆ ಮರದ ನೆರಳಿಗೆ ಸಾಗಿಸಿದೆವು. ಬಂದವರನ್ನು ಬಾಗಿಲಲ್ಲೇ ಕೆಮ್ಮಿದೆಯಾ ಎಂದು ವಿಚಾರಿಸಿ, ಇದ್ದವರಿಗೆ ಮಾಸ್ಕ್ ಕೊಟ್ಟು, ಸಾಲಿನಲ್ಲಿ ನಿಲ್ಲಿಸದೆ ಎಲ್ಲರಿಗಿಂತ ಮೊದಲು ನೋಡಿ ಕಳಿಸುವುದೆಂದು ಮಾಡಿಕೊಂಡೆವು. ಸೂರು ಒಂದಾಗಲೇಬೇಕು ಎಂಬ ಹಟವನ್ನು ನಾನು ಅವತ್ತೇ ಬಿಟ್ಟೆ. ರೋಗಿಯನ್ನು ನೋಡುವ ಡಾಕ್ಟರ್ ಒಬ್ಬರೇ ಇರಬೇಕು, ಫೈಲು ಒಂದೇ ಇರಬೇಕು, ಬರಬೇಕಾದ ದಿನ ಒಂದೇ ಇರಬೇಕು. ಕೋಣೆ ಎರಡಿದ್ದರೆ ತೊಂದರೆಯೇನೂ ಇಲ್ಲ.

ಎಚ್‌ಐವಿ ಇರುವವರನ್ನು ಪ್ರತಿ ಭೇಟಿಯಲ್ಲೂ ನಾಲ್ಕು ಪ್ರಶ್ನೆ ಕೇಳಬೇಕು: ಕೆಮ್ಮು, ಜ್ವರ, ತೂಕ ಇಳಿಯುವುದು, ರಾತ್ರಿ ಬೆವರುವುದು. ಒಂದಕ್ಕೆ ಹೌದು ಎಂದರೂ ಟಿಬಿ ಪರೀಕ್ಷೆ ಆಗಬೇಕು. ಕಾಗದದ ಮೇಲೆ ಅರ್ಧ ನಿಮಿಷದ ಕೆಲಸ. ಮೊದಲ ತಿಂಗಳು ನಮ್ಮ ಹಾಳೆಗಳಲ್ಲಿ ಉದ್ದಕ್ಕೂ ಇಲ್ಲ, ಇಲ್ಲ, ಇಲ್ಲ, ಇಲ್ಲ. ಯಾರಿಗೂ ಏನೂ ಇಲ್ಲವಾ? ಕೆಮ್ಮುತ್ತಲೇ ‘ಕೆಮ್ಮಿಲ್ಲ’ ಎನ್ನುವವರಿದ್ದರು. ಬೀಡಿ ಸೇದುವವರಿಗೆ ಕೆಮ್ಮು ಕಾಯಿಲೆಯ ಲೆಕ್ಕಕ್ಕೇ ಬರುವುದಿಲ್ಲ. ‘ಅದು ಹೊಗೆಯದ್ದು ಬಿಡಿ’ ಎನ್ನುತ್ತಾರೆ.

ಪ್ರಶ್ನೆ ತಪ್ಪಿದ್ದು ಎಲ್ಲಿ ಎಂದು ಕಲಿಸಿದವಳು ಒಬ್ಬ ಹೆಂಗಸು. ರಾತ್ರಿಯೆಲ್ಲ ದುಡಿದು ಹಗಲು ಮಲಗುವವಳು. ರಾತ್ರಿ ಬೆವರು ಬರುತ್ತದಾ ಎಂದು ಕೇಳಿದ್ದಕ್ಕೆ ಇಲ್ಲ ಎಂದಿದ್ದಳು. ಹೊರಡುವಾಗ, ‘ಅಕ್ಕಾ, ಹಗಲು ಮಲಗಿ ಎದ್ದರೆ ತಲೆದಿಂಬು ಹಿಂಡುವ ಹಾಗಾಗಿರತ್ತೆ, ಅದು ಬಿಸಿಲಿಗೆ ಅಲ್ವಾ?’ ಎಂದಳು. ಅವಳಿಗೆ ಟಿಬಿ ಇತ್ತು. ಅವಳ ರಾತ್ರಿ ನಮ್ಮ ಹಗಲಿನಲ್ಲಿತ್ತು, ನಾವು ಅದನ್ನು ಕೇಳಿರಲೇ ಇಲ್ಲ. ಅಂದಿನಿಂದ ನಾವು ‘ಮಲಗಿ ಎದ್ದಾಗ ಬಟ್ಟೆ ಒದ್ದೆಯಾಗಿರುತ್ತದಾ?’ ಎಂದು ಕೇಳುತ್ತೇವೆ. ತೂಕದ ಬಗ್ಗೆ ಕೇಳದೆ ‘ಬಟ್ಟೆ ಮೈಮೇಲೆ ಸಡಿಲವಾಗಿದೆಯಾ?’ ಎನ್ನುತ್ತೇವೆ, ಮತ್ತೆ ತೂಕದ ಯಂತ್ರವನ್ನೂ ಜೊತೆಗೆ ಒಯ್ಯುತ್ತೇವೆ. ಅವಳಂಥವರಿಗಾಗಿ ವಾರಕ್ಕೆ ಎರಡು ದಿನ ಸಂಜೆಯೂ ಬಾಗಿಲು ತೆರೆದೆವು. ಬೆಳಿಗ್ಗೆ ಹತ್ತಕ್ಕೆ ಬನ್ನಿ ಎಂದರೆ ಅವರಿಗೆ ಅದು ನಡುರಾತ್ರಿ.

ಇತ್ತ ಟಿಬಿ ಬಂದ ಪ್ರತಿಯೊಬ್ಬರಿಗೂ ಎಚ್‌ಐವಿ ಪರೀಕ್ಷೆಗೆ ಒಪ್ಪಿಗೆ ಕೇಳುವುದು ಇನ್ನೂ ನಾಜೂಕಿನ ಕೆಲಸ. ‘ನನ್ನನ್ನು ಏನಂದುಕೊಂಡಿರಿ?’ ಎಂದು ಸಿಟ್ಟಾದವರಿದ್ದಾರೆ. ಎಲ್ಲರಿಗೂ ಕೇಳುತ್ತೇವೆ, ನಿಮ್ಮೊಬ್ಬರನ್ನೇ ಆರಿಸಿ ಕೇಳುತ್ತಿಲ್ಲ ಎಂದು ಹೇಳಿ, ಬೇಡವೆಂದರೆ ಬಿಟ್ಟು, ಮುಂದಿನ ಭೇಟಿಯಲ್ಲಿ ಮತ್ತೆ ಕೇಳುತ್ತೇವೆ. ಒಪ್ಪದಿದ್ದರೆ ಟಿಬಿ ಔಷಧ ನಿಲ್ಲಿಸುತ್ತಾರೆ ಎಂಬ ಭಯ ಅವರಲ್ಲಿ ಇರಕೂಡದು. ಅದನ್ನು ಬಾಯಿಬಿಟ್ಟೇ ಹೇಳುತ್ತೇವೆ.

ಕಫ ತೆಗೆಯುವುದನ್ನು ಕಲಿಸುವುದಕ್ಕೇ ಒಂದು ತಾಳ್ಮೆ ಬೇಕು. ಬರೀ ಎಂಜಲು ಕೊಟ್ಟರೆ ಪರೀಕ್ಷೆ ವ್ಯರ್ಥ. ಬಯಲಿಗೆ ಕರೆದುಕೊಂಡು ಹೋಗಿ, ಗಾಳಿ ನಮ್ಮ ಬೆನ್ನ ಕಡೆಯಿಂದ ಬೀಸುವ ಹಾಗೆ ನಿಂತು, ಬಾಯಿ ಮುಕ್ಕಳಿಸಿಸಿ, ಎರಡು ಸಲ ಎದೆತುಂಬ ಉಸಿರೆಳೆದು ಬಿಡಿಸಿ, ಮೂರನೆಯದಕ್ಕೆ ಹೊಟ್ಟೆಯಿಂದ ಕೆಮ್ಮಿಸುತ್ತೇವೆ. ಡಬ್ಬಿಯ ಮುಚ್ಚಳಕ್ಕೆ ಅಲ್ಲ, ಡಬ್ಬಿಯ ಮೈಗೆ ಹೆಸರು ಬರೆಯಬೇಕು. ಮುಚ್ಚಳಗಳು ಅದಲುಬದಲಾಗಿ ಒಮ್ಮೆ ಇಬ್ಬರ ಫಲಿತಾಂಶ ತಿರುವುಮುರುವಾಗುವುದರಲ್ಲಿತ್ತು. ಜೀನ್‌ಎಕ್ಸ್‌ಪರ್ಟ್ ಯಂತ್ರಕ್ಕೆ ಹಾಕಿದರೆ ಸುಮಾರು ಎರಡು ಗಂಟೆಯಲ್ಲಿ ಟಿಬಿ ಇದೆಯೇ, ಟಿಬಿಯ ಮುಖ್ಯ ಔಷಧವಾದ ರಿಫಾಂಪಿಸಿನ್‌ಗೆ ಬಗ್ಗುತ್ತದೆಯೇ ಎರಡೂ ತಿಳಿಯುತ್ತದೆ. ನನ್ನ ಕಾಲದಲ್ಲಿ ಅದಿರಲಿಲ್ಲ, ವಿಶ್ವ ಆರೋಗ್ಯ ಸಂಸ್ಥೆ ಅದಕ್ಕೆ ಒಪ್ಪಿಗೆ ಕೊಟ್ಟದ್ದು 2010ರಲ್ಲಿ. ಕಫವೇ ಬಾರದಷ್ಟು ನಿತ್ರಾಣರಾದವರಿಗೆ ಮೂತ್ರದ ಒಂದು ಪಟ್ಟಿ ಪರೀಕ್ಷೆ ಇದೆ, 25 ನಿಮಿಷದಲ್ಲಿ ಗೆರೆ ಮೂಡುತ್ತದೆ. ಗೆರೆ ಮೂಡದಿದ್ದರೆ ಟಿಬಿ ಇಲ್ಲವೆಂದು ಅರ್ಥವಲ್ಲ, ಆದರೆ ಮೂಡಿದರೆ ಅವತ್ತೇ ಔಷಧ ಶುರು. ಹಾಸಿಗೆ ಹಿಡಿದಿದ್ದ ಒಬ್ಬ ತಾಯಿಯ ಪಕ್ಕ ಕೂತು ಆ ಸಣ್ಣ ಪಟ್ಟಿಯನ್ನೇ ನೋಡುತ್ತಿದ್ದೆ. ಮಾಸಲು ಗೆರೆಯೊಂದು ಕಂಡಾಗ ಸಮಾಧಾನವಾಯಿತು. ಕಾಯಿಲೆ ಇದೆ ಎಂದು ತಿಳಿದು ಸಮಾಧಾನವಾಗುವುದು ಎಂದರೇನು ಎಂಬುದು ಎರಡು ಸಲ ನೆಗೆಟಿವ್ ಬಂದು ಸಾಯುವ ಹಂತ ಮುಟ್ಟಿದವರಿಗೆ ಗೊತ್ತಿರುತ್ತದೆ.

ಮಾತ್ರೆಗಳ ವಿಚಾರಕ್ಕೆ ಬರುತ್ತೇನೆ. ಎರಡು ಕಾಯಿಲೆಯನ್ನು ಒಬ್ಬರೇ ನೋಡಬೇಕು ಎಂದು ನಾನು ಇಷ್ಟು ಪಟ್ಟು ಹಿಡಿಯುವುದು ಇದಕ್ಕಾಗಿ. ರಿಫಾಂಪಿಸಿನ್ ಟಿಬಿ ಚಿಕಿತ್ಸೆಯ ಬೆನ್ನೆಲುಬು. ಆದರೆ ಅದು ಪಿತ್ತಜನಕಾಂಗವನ್ನು ಚುರುಕು ಮಾಡಿ ಬೇರೆ ಔಷಧಗಳನ್ನು ಬೇಗ ಬೇಗ ಕರಗಿಸಿ ಹೊರಹಾಕಿಸುತ್ತದೆ. ಎಚ್‌ಐವಿಗೆ ಕೊಡುವ ಡೋಲುಟೆಗ್ರಾವಿರ್ ದಿನಕ್ಕೆ 50 ಮಿಲಿಗ್ರಾಮಿನ ಒಂದು ಮಾತ್ರೆ. ರಿಫಾಂಪಿಸಿನ್ ಜೊತೆಗಿದ್ದರೆ ಅದು ಸಾಲದು, ಹನ್ನೆರಡು ಗಂಟೆ ಬಿಟ್ಟು ಇನ್ನೊಂದು ಬೇಕು. ಒಂದು ಕಡೆಯವರು ಟಿಬಿ ಔಷಧ ಶುರು ಮಾಡಿದ್ದು ಇನ್ನೊಂದು ಕಡೆಗೆ ಗೊತ್ತಾಗದಿದ್ದರೆ ರೋಗಿ ದಿನವೂ ತಪ್ಪದೆ ಮಾತ್ರೆ ನುಂಗುತ್ತಿದ್ದರೂ ವೈರಸ್ ತಲೆ ಎತ್ತಬಹುದು. ಗರ್ಭನಿರೋಧಕ ಮಾತ್ರೆಗೂ ಇದೇ ಗತಿ. ಅದನ್ನು ಹೆಂಗಸರಿಗೆ ಹೇಳುವುದನ್ನು ಎಲ್ಲರೂ ಮರೆಯುತ್ತಾರೆ.

ಒಬ್ಬ ಹುಡುಗನಿದ್ದ, ಇಪ್ಪತ್ತಾರು ವರ್ಷ. ಮಾದಕ ವಸ್ತು ಚುಚ್ಚಿಕೊಳ್ಳುವುದನ್ನು ಬಿಟ್ಟು, ಅದರ ಬದಲಿಗೆ ಕೊಡುವ ಮೆಥಡೋನ್ ಎಂಬ ಔಷಧದ ಮೇಲಿದ್ದ. ಎಚ್‌ಐವಿ ಇತ್ತು, ಟಿಬಿ ಬಂತು. ಅವನಿಗೆ ಮೂರು ಫೈಲು, ಮೂರು ಬಾಗಿಲು. ಟಿಬಿ ಮಾತ್ರೆ ಶುರುವಾಗಿ ಒಂದೆರಡು ವಾರಕ್ಕೆ ಅವನು ಬರುವುದನ್ನು ನಿಲ್ಲಿಸಿದ. ಹುಡುಕಿಕೊಂಡು ಹೋದರೆ ಮೂಲೆಯಲ್ಲಿ ಮುದುಡಿ ಮಲಗಿದ್ದ. ಮೂಗು ಸೋರುತ್ತಿತ್ತು, ಮೈಯೆಲ್ಲ ಮುಳ್ಳು ಎದ್ದಿತ್ತು, ಒಂದೇ ಸಮ ಆಕಳಿಸುತ್ತಿದ್ದ. ‘ಆ ಕೆಂಪು ಮಾತ್ರೆ ವಿಷ ಅಕ್ಕಾ, ನನ್ನ ಕೈಲಾಗಲ್ಲ’ ಎಂದ. ಮಾತ್ರೆಗೆ ಮೂತ್ರ ಕೇಸರಿಯಾಗಿದ್ದು ನೋಡಿ ಹೆದರಿದ್ದೂ ಸೇರಿಕೊಂಡಿತ್ತು. ನನಗೆ ಮೊದಲು ಏನೂ ಹೊಳೆಯಲಿಲ್ಲ. ನನ್ನ ಜೊತೆ ಬಂದಿದ್ದ ಇನ್ನೊಬ್ಬ ಜೊತೆಗಾರ ತಾನೂ ಆ ದಾರಿಯಲ್ಲಿ ನಡೆದು ಬಂದವನು. ನೋಡಿದ ಕೂಡಲೇ ಅವನಿಗೆ ಗೊತ್ತಾಯಿತು. ‘ಇದು ಟಿಬಿಯದ್ದಲ್ಲ ಅಕ್ಕಾ, ಇವನಿಗೆ ಮೆಥಡೋನ್ ಸಾಲುತ್ತಿಲ್ಲ’ ಎಂದ. ರಿಫಾಂಪಿಸಿನ್ ಮೆಥಡೋನನ್ನೂ ಕರಗಿಸುತ್ತಿತ್ತು. ಅವತ್ತು ಸಂಜೆಯೇ ಡಾಕ್ಟರ್ ಮೆಥಡೋನ್ ಕೇಂದ್ರದವರೊಂದಿಗೆ ಮಾತಾಡಿದರು. ಮೆಥಡೋನ್ ಪ್ರಮಾಣವನ್ನು ದಿನದಿನ ನೋಡಿಕೊಂಡು ಸ್ವಲ್ಪ ಸ್ವಲ್ಪವೇ ಏರಿಸಿದರು. ಹುಡುಗ ಎದ್ದು ಕೂತ. ಅವನಿಗೆ ಮೂರೂ ಔಷಧವನ್ನು ಒಂದೇ ಕಿಟಕಿಯಲ್ಲಿ, ಒಂದೇ ಹೊತ್ತಿಗೆ ಕೊಡುವ ಏರ್ಪಾಡಾಯಿತು. ಅವನು ಮಾತ್ರೆ ಬಿಟ್ಟದ್ದನ್ನು ಟಿಬಿ ಕಾರ್ಡಿನಲ್ಲಿ ‘ಸಹಕರಿಸುತ್ತಿಲ್ಲ’ ಎಂದು ಬರೆದಿದ್ದರು. ಆ ಮಾತನ್ನು ನಾನು ಹೊಡೆದು ಹಾಕಿಸಿದೆ.

ಎಚ್‌ಐವಿ ಔಷಧ ಶುರುವಾದ ಮೇಲೆ ಕೆಲವರಿಗೆ ಟಿಬಿ ಇದ್ದಕ್ಕಿದ್ದಂತೆ ಹೆಚ್ಚಾದಂತೆ ಕಾಣುತ್ತದೆ. ಗಂಟು ಊದುತ್ತದೆ, ಜ್ವರ ಮರಳುತ್ತದೆ. ನಿದ್ದೆಯಲ್ಲಿದ್ದ ರೋಗನಿರೋಧಕ ಶಕ್ತಿ ಎದ್ದು ರೋಗಾಣುಗಳ ಮೇಲೆ ಒಮ್ಮೆಲೇ ಬೀಳುವುದರಿಂದ ಹೀಗಾಗುತ್ತದೆ. ಹೇಳದೆ ಬಿಟ್ಟರೆ ಜನ ಎರಡೂ ಮಾತ್ರೆ ಎಸೆಯುತ್ತಾರೆ. ನನಗೂ ಆಗಿತ್ತು, ಆಗ ಯಾರೂ ಹೇಳಿರಲಿಲ್ಲ. ಈಗ ನಾನು ಔಷಧ ಶುರುವಾಗುವ ಮೊದಲೇ ಕತ್ತಿನ ಕಲೆ ತೋರಿಸಿ ಹೇಳುತ್ತೇನೆ: ಹೀಗಾಗಬಹುದು, ಆದರೆ ಮಾತ್ರೆ ಬಿಡಬೇಡಿ, ಆದ ದಿನವೇ ನನಗೆ ಫೋನ್ ಮಾಡಿ. ಕಾಲು ಜುಮುಗುಟ್ಟಿದರೆ, ಕೆಂಪು ಹಸಿರು ಬಣ್ಣ ಮಸುಕಾಗಿ ಕಂಡರೆ, ಕಣ್ಣು ಹಳದಿಯಾದರೆ ಆಗಲೂ ಆ ದಿನವೇ ಫೋನ್ ಮಾಡಿ. ಕಾಲಿನ ಜುಮುಗುಟ್ಟುವಿಕೆ ತಡೆಯಲು ಪೈರಿಡಾಕ್ಸಿನ್ ಎಂಬ ಸಣ್ಣ ವಿಟಮಿನ್ ಮಾತ್ರೆ ಇದೆ. ಅದು ಸ್ಟಾಕ್ ಇಲ್ಲವೆಂದು ಎಷ್ಟು ಸಲ ವಾಪಸ್ ಬಂದಿದ್ದೇನೋ ಲೆಕ್ಕವಿಲ್ಲ.

ಗುಟ್ಟಿನ ವಿಚಾರ ನಾವು ಮೊದಲು ಸರಿಯಾಗಿ ಯೋಚಿಸಿರಲಿಲ್ಲ. ಎಚ್‌ಐವಿ ಕೆಲಸದವಳು ಎಂದು ನನ್ನ ಮುಖ ಎಲ್ಲರಿಗೂ ಪರಿಚಯ. ನಾನು ಒಂದು ಮನೆಯ ಮುಂದೆ ನಿಂತರೆ ಆ ಮನೆಯ ಗುಟ್ಟು ಬೀದಿಗೆ ಬಂದ ಹಾಗೆ. ಒಬ್ಬರ ಮನೆಗೆ ಟಿಬಿ ಮಾತ್ರೆ ಕೊಡಲು ಹೋಗಿ ಅವರು ಮನೆಯನ್ನೇ ಖಾಲಿ ಮಾಡಬೇಕಾಯಿತು. ಆ ತಪ್ಪು ನನ್ನದು, ಅದನ್ನು ಇವತ್ತಿಗೂ ಹೊತ್ತುಕೊಂಡಿದ್ದೇನೆ. ಈಗ ಮೊದಲ ದಿನವೇ ಕೇಳುತ್ತೇವೆ: ನಾವು ಮನೆಗೆ ಬರಬಹುದಾ? ಬಂದರೆ ಯಾರೆಂದು ಹೇಳಬೇಕು? ಯಾರ ಮುಂದೆ ಟಿಬಿ ಎನ್ನಬಹುದು, ಯಾರ ಮುಂದೆ ಅದನ್ನೂ ಅನ್ನಬಾರದು? ಕೆಲವರು ಬಸ್ ನಿಲ್ದಾಣದಲ್ಲಿ ಸಿಗುತ್ತಾರೆ, ಕೆಲವರು ವಿಡಿಯೋ ಕರೆಯಲ್ಲಿ ಮಾತ್ರೆ ನುಂಗಿ ತೋರಿಸುತ್ತಾರೆ. ಒಂದೇ ಫೈಲು ಮಾಡಿದ ಮೇಲೆ ಅದರ ಹೊರಮೈ ಮೇಲೆ ಯಾವ ಕಾಯಿಲೆಯ ಹೆಸರೂ ಇಲ್ಲ, ಬಣ್ಣದ ಗುರುತೂ ಇಲ್ಲ. ಅವರು ಹೇಳಿದ ಹೆಸರೇ ಅಲ್ಲಿ ಇರುತ್ತದೆ.

ಟಿಬಿ ಇಲ್ಲವೆಂದು ಖಚಿತವಾದವರಿಗೆ ಟಿಬಿ ಬಾರದಂತೆ ತಡೆಯುವ ಔಷಧ ಕೊಡುವುದೂ ಈ ಕೆಲಸದ್ದೇ ಭಾಗ. ವಾರಕ್ಕೊಮ್ಮೆಯಂತೆ ಮೂರು ತಿಂಗಳು, ಒಟ್ಟು 12 ಸಲ ನುಂಗಿದರೆ ಮುಗಿಯುವ ಔಷಧ ಈಗ ಇದೆ. ‘ಚೆನ್ನಾಗೇ ಇದ್ದೀನಲ್ಲ, ಯಾಕೆ?’ ಎನ್ನುವವರಿಗೆ ನಾನು ವಾದ ಮಾಡುವುದಿಲ್ಲ. ನನ್ನ 2009ರ ಫೋಟೋ ತೋರಿಸುತ್ತೇನೆ.

ವಿಶ್ವ ಆರೋಗ್ಯ ಸಂಸ್ಥೆ ಟಿಬಿ ಮತ್ತು ಎಚ್‌ಐವಿ ಕೆಲಸಗಳನ್ನು ಜೋಡಿಸಬೇಕೆಂದು 2004ರಲ್ಲೇ ಹೇಳಿತ್ತು, 2012ರಲ್ಲಿ ಇನ್ನಷ್ಟು ವಿವರವಾಗಿ 12 ಕೆಲಸಗಳ ಪಟ್ಟಿಯನ್ನೇ ಕೊಟ್ಟಿತು. ಅದೇ 2004ರಲ್ಲಿ ಬ್ಯಾಂಕಾಕ್‌ನ ಏಡ್ಸ್ ಸಮ್ಮೇಳನದಲ್ಲಿ ನೆಲ್ಸನ್ ಮಂಡೇಲಾ, ಜೈಲಿನಲ್ಲಿದ್ದಾಗ ಸ್ವತಃ ಟಿಬಿ ಅನುಭವಿಸಿದ್ದವರು, ಟಿಬಿಯನ್ನು ಬಿಟ್ಟು ಏಡ್ಸ್ ವಿರುದ್ಧ ಗೆಲ್ಲಲಾಗದು ಎಂದು ಹೇಳಿದ್ದರು. ಹಾಗಿದ್ದೂ 2023ರಲ್ಲಿ ಎಚ್‌ಐವಿ ಇದ್ದು ಟಿಬಿಯಿಂದ ತೀರಿಕೊಂಡವರು ಜಗತ್ತಿನಲ್ಲಿ ಸುಮಾರು 1,61,000 ಮಂದಿ ಎಂದು ಅದೇ ಸಂಸ್ಥೆಯ ಅಂದಾಜು. ಕೆಳಗೆ ನಾವು ಒಂದು ಮಾಡಿದ್ದನ್ನು ಮೇಲಿನವರು ಇನ್ನೂ ಎರಡಾಗಿಯೇ ನೋಡುತ್ತಿದ್ದಾರೆ. ಈಗಲೂ ನಾವು ಪ್ರತಿ ತಿಂಗಳು ಎರಡು ವರದಿ ಬರೆಯುತ್ತೇವೆ, ಎರಡು ಬೇರೆ ನಮೂನೆಯಲ್ಲಿ, ಎರಡು ಬೇರೆ ಕಚೇರಿಗಳಿಗೆ. ಅನುದಾನ ಬರುವುದೂ ಎರಡು ಕಡೆಯಿಂದ. ಒಂದರದ್ದು ತಡವಾದರೆ ಅರ್ಧ ಜೊತೆಗಾರರಿಗೆ ಸಂಬಳವಿಲ್ಲ. ಸಂಬಳ ಬಾರದ ತಿಂಗಳಲ್ಲೂ ಅವರು ಮಾತ್ರೆ ಹಿಡಿದುಕೊಂಡು ಮನೆಮನೆಗೆ ಹೋಗಿದ್ದಾರೆ. ಇದನ್ನು ಸೇವೆ ಎಂದು ಹೊಗಳಿ ಸುಮ್ಮನಾಗುವವರನ್ನು ಕಂಡರೆ ನನಗೆ ನೋವಾಗುತ್ತದೆ. ಅವರಿಗೆ ಬೇಕಿರುವುದು ಸಂಬಳ ಮತ್ತು ಅವರಿಗೂ ತಿಂಗಳಿಗೊಮ್ಮೆ ಆ ನಾಲ್ಕು ಪ್ರಶ್ನೆ ಕೇಳುವ ಒಬ್ಬರು.

ಹಗಲು ಮಲಗಿ ಬೆವರುತ್ತಿದ್ದ ಆ ಹೆಂಗಸಿನ ಟಿಬಿ ಚಿಕಿತ್ಸೆ ಆರು ತಿಂಗಳಿಗೆ ಮುಗಿಯಿತು. ಕೊನೆಯ ಪಟ್ಟಿಯ ಕೊನೆಯ ಮಾತ್ರೆ ಒಡೆದು ನುಂಗಿ, ಖಾಲಿ ಪಟ್ಟಿಯನ್ನು ನನ್ನ ಕೈಗಿಟ್ಟಳು. ‘ಸಂಜೆದೂ ಇವತ್ತಿಗೇ ಬಿಟ್ಟುಬಿಡಲಾ ಅಕ್ಕಾ?’ ಎಂದು ಕೇಳಿದಳು. ಅವಳಿಗೆ ದಿನಕ್ಕೆ ಎರಡು ಸಲ ಕೊಡುತ್ತಿದ್ದ ಡೋಲುಟೆಗ್ರಾವಿರ್‌ನ ಎರಡನೆಯದು ಅದು. ರಿಫಾಂಪಿಸಿನ್ ನಿಂತ ಮೇಲೂ ಅದರ ಪ್ರಭಾವ ಮೈಯಲ್ಲಿ ಕೆಲವು ದಿನ ಉಳಿದಿರುತ್ತದೆ. ಹಾಗಾಗಿ ಸಂಜೆಯ ಮಾತ್ರೆ ಇನ್ನೂ ಎರಡು ವಾರ ಬೇಕು ಎಂದೆ. ಹದಿನಾಲ್ಕು ಮಾತ್ರೆ ಎಣಿಸಿ ಸಣ್ಣ ಪೊಟ್ಟಣ ಕಟ್ಟಿಕೊಟ್ಟೆ. ಹದಿನೈದನೆಯ ದಿನ ಸಂಜೆ ಅವಳೇ ಫೋನ್ ಮಾಡಿ, ಪೊಟ್ಟಣ ಖಾಲಿಯಾಯಿತು, ಇವತ್ತು ಬೆಳಗಿನದೊಂದೇ ನುಂಗಿದ್ದೇನೆ ಎಂದಳು. ನಾನು ಅವಳ ಫೈಲು ತೆಗೆದು, ಸಂಜೆಯ ಕಾಲಂಗೆ ಗೆರೆ ಎಳೆದು, ದಿನಾಂಕ ಬರೆದೆ.